ಸರ್ ವಾಲ್ಟರ್ ಸ್ಕಾಟನ ಋಣವಿಮೋಚನೆ

ಸಂಸಾರದಲ್ಲಿ ಸಾಲವಿಲ್ಲದ ಮನೆಯನ್ನು ಹುಡುಕುವುದು ಸುಲಭವಲ್ಲ. ಮಗಳ ಮದುವೆಗೆಂದೋ, ಮನೆ ಕಟ್ಟಿಸಲೆಂದೋ, ಬಿತ್ತನೆಗೆಂದೋ ತಂದ ಹಣವು ಬಡ್ಡಿಯೊಡನೆ ಬೆಳೆದು ಬಾಗಿಲಿಗೆ ಬಂದು ನಿಲ್ಲುವುದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಆಗ ಯಾವ ವೆಚ್ಚವನ್ನು ಕಡಿಯಬೇಕು, ಯಾವುದನ್ನು ಕಡಿಯಲಾಗದು ಎಂಬ ಚಿಂತೆಯು ಗೃಹಸ್ಥನ ನಿದ್ರೆಯನ್ನು ಕೆಡಿಸುತ್ತದೆ. ಇದೇ ಚಿಂತೆಯಲ್ಲಿ ಬಾಳಿನ ಕಡೆಯ ಆರೇಳು ವರ್ಷಗಳನ್ನು ಸವೆಯಿಸಿದ ಒಬ್ಬ ಪ್ರಸಿದ್ಧ ಗ್ರಂಥಕರ್ತನ ಚರಿತ್ರೆಯನ್ನು ಇಲ್ಲಿ ಹೇಳಬಯಸುತ್ತೇವೆ. ಆತನೇ ಸ್ಕಾಟ್ಲೆಂಡ್ ದೇಶದ ಸರ್ ವಾಲ್ಟರ್ ಸ್ಕಾಟ್.

ಸ್ಕಾಟನು 1771ನೆಯ ಇಸವಿ ಆಗಸ್ಟ್ 15ರಂದು ಎಡಿನ್‌ಬರೋ ನಗರದಲ್ಲಿ ಜನಿಸಿದನು. ತಂದೆಯದು ವಕೀಲಿ ವೃತ್ತಿ. ಒಂದೂವರೆ ವರ್ಷದ ಕೂಸಾಗಿದ್ದಾಗ ಬಂದ ಕಾಯಿಲೆಯಿಂದ ಬಲಗಾಲು ಸೊರಗಿ, ಬಾಳೆಲ್ಲ ಕುಂಟುತ್ತಲೇ ನಡೆಯಬೇಕಾಯಿತು. ಮಗುವನ್ನು ಅಜ್ಜನ ಹೊಲಮನೆಗೆ ಕಳುಹಿಸಿದರು. ಗಡಿನಾಡಿನ ಲಾವಣಿಗಳೂ ವೀರರ ಕಥೆಗಳೂ ಆತನ ಕಿವಿಗೆ ಬಿದ್ದುದು ಅಲ್ಲಿಯೇ. 1792ರಲ್ಲಿ ತಾನೂ ವಕೀಲನಾದನು. 1797ರಲ್ಲಿ ಶಾರ್ಲಟ್ ಎಂಬ ಫ್ರೆಂಚ್ ಮೂಲದ ಕನ್ಯೆಯನ್ನು ವಿವಾಹವಾದನು. 1799ರಲ್ಲಿ ಸೆಲ್ಕರ್ಕ್ ಪ್ರಾಂತದ ನ್ಯಾಯಾಧಿಕಾರವೂ, 1806ರಲ್ಲಿ ಎಡಿನ್‌ಬರೋದ ಉಚ್ಚ ನ್ಯಾಯಾಲಯದಲ್ಲಿ ಮುಖ್ಯ ಶಿರಸ್ತೇದಾರನ ಸ್ಥಾನವೂ ದೊರೆತವು. ಈ ಎರಡು ಹುದ್ದೆಗಳಿಂದ ಕ್ರಮೇಣ ವರ್ಷಕ್ಕೆ ಸುಮಾರು 1,600 ಪೌಂಡುಗಳ ಖಚಿತ ವರಮಾನವು ಬರುವಂತಾಯಿತು. ಈ ಸಂಖ್ಯೆಯನ್ನು ವಾಚಕರು ನೆನಪಿನಲ್ಲಿಡಬೇಕು. ಮುಂದೆ ಆತನ ಮಾನವನ್ನು ಉಳಿಸಿದುದು ಇದೇ.

ಕಾವ್ಯಗಳಿಂದ ಮೊದಲು ಕೀರ್ತಿ ಬಂದಿತು. 1814ರಲ್ಲಿ ತನ್ನ ಹೆಸರನ್ನು ಮರೆಮಾಡಿ ‘ವೇವರ್ಲಿ’ ಎಂಬ ಕಾದಂಬರಿಯನ್ನು ಹೊರಡಿಸಿದನು. ಅಲ್ಲಿಂದ ಮುಂದೆ ವರ್ಷಕ್ಕೊಂದು ಎರಡರಂತೆ ಕಾದಂಬರಿಗಳು ಹೊರಬಿದ್ದು, ಯೂರೋಪ್ ಖಂಡವೆಲ್ಲ ಅವನ್ನು ಓದತೊಡಗಿತು. 1820ರಲ್ಲಿ ದೊರೆಯಿಂದ ‘ಸರ್’ ಎಂಬ ಬಿರುದು ಬಂದಿತು.

ಹಣವು ಹೊಳೆಯಂತೆ ಬರುತ್ತಿತ್ತು. ಹೋಗುವ ದಾರಿಗಳೂ ಅಷ್ಟೇ ಅಗಲವಾಗಿದ್ದವು. 1811ರಲ್ಲಿ ಟ್ವೀಡ್ ನದಿಯ ದಂಡೆಯಲ್ಲಿ ಸುಮಾರು ನೂರು ಎಕರೆಗಳ ಒಂದು ಬಡ ಹೊಲವನ್ನು ಕೊಂಡು ಅದಕ್ಕೆ ಅಬಟ್ಸ್‌ಫರ್ಡ್ ಎಂದು ಹೆಸರಿಟ್ಟನು. ಪಕ್ಕದ ಹೊಲ, ಅದರ ಪಕ್ಕದ ಹೊಲ ಎಂದು ಕೊಳ್ಳುತ್ತ ಹೋಗಿ ಅದು ಸುಮಾರು 1,400 ಎಕರೆಗಳಾಯಿತು. ಸಣ್ಣ ಮನೆಯಿದ್ದಲ್ಲಿ 1824ರ ವೇಳೆಗೆ ಕೋಟೆಯನ್ನು ಹೋಲುವ ಸೌಧವೆದ್ದಿತು. ಹಳೆಯ ಕತ್ತಿ ಕವಚಗಳು, ಸಾವಿರಾರು ಗ್ರಂಥಗಳು, ದಿನವೂ ಅತಿಥಿಗಳು! ಇನ್ನೂ ಬರೆಯದ ಪುಸ್ತಕಗಳಿಗೆ ಪ್ರಕಾಶಕರಿಂದ ಮುಂಗಡವಾಗಿ ಹುಂಡಿಗಳನ್ನು ಪಡೆದು ಆ ಹಣದಿಂದ ನೆಲವನ್ನು ಕೊಳ್ಳುತ್ತಿದ್ದನೆಂದರೆ, ಬಾರದ ಬೆಳೆಯ ಮೇಲೆ ಸಾಲ ಮಾಡಿದ ರೈತನಿಗೂ ಆತನಿಗೂ ಏನೂ ಭೇದವಿಲ್ಲ.

ಇದಕ್ಕಿಂತ ಅಪಾಯದ ಸಂಗತಿಯು ಗುಪ್ತವಾಗಿತ್ತು. ಬಾಲ್ಯದ ಸಹಪಾಠಿಯಾದ ಜೇಮ್ಸ್ ಬ್ಯಾಲಂಟೈನ್ ಎಂಬವನ ಮುದ್ರಣಾಲಯದಲ್ಲಿ ಸ್ಕಾಟನು 1805ರಿಂದಲೂ ಯಾರಿಗೂ ತಿಳಿಯದಂತೆ ಪಾಲುದಾರನಾಗಿದ್ದನು. ಆ ಮುದ್ರಣಾಲಯವೂ ಕಾನ್‌ಸ್ಟಬಲ್ ಎಂಬ ಪ್ರಕಾಶಕನೂ ಪರಸ್ಪರರ ಹುಂಡಿಗಳಿಗೆ ಸಹಿ ಹಾಕಿಕೊಟ್ಟು ಬ್ಯಾಂಕುಗಳಿಂದ ಹಣವನ್ನೆತ್ತುತ್ತಿದ್ದರು. ಒಬ್ಬನ ಹುಂಡಿಗೆ ಆಧಾರವೆಂದು ಮತ್ತೊಬ್ಬನು ಎದುರು ಹುಂಡಿಯನ್ನು ಬರೆದುಕೊಡುವುದು ವಾಡಿಕೆ. ಪೆಟ್ಟಿಗೆಯಲ್ಲಿರಬೇಕಾದ ಆ ಎದುರು ಹುಂಡಿಗಳೂ ಬಿಕ್ಕಟ್ಟಿನ ಕಾಲದಲ್ಲಿ ಪೇಟೆಗೆ ಹೋದವು. ಆದಕಾರಣ ಒಮ್ಮೆ ತಂದ ಹಣಕ್ಕೆ ಎರಡು ಸಲ ಹೊಣೆಯಾಗುವ ಪ್ರಸಂಗವೊದಗಿತು. ಕಾನೂನು ಬಲ್ಲ ಸ್ಕಾಟನು ಈ ಕಾಗದಗಳ ಲೆಕ್ಕವನ್ನು ಒಮ್ಮೆಯಾದರೂ ಕುಳಿತು ನೋಡಬಾರದಾಗಿತ್ತೆ?

1825ರ ಕೊನೆಗೆ ಲಂಡನ್ನಿನ ಹಣದ ಪೇಟೆ ಕುಸಿಯತೊಡಗಿತು. ಸ್ಕಾಟನು ಆ ನವೆಂಬರಿನಲ್ಲಿ ದಿನಚರಿಯನ್ನು ಬರೆಯಲಾರಂಭಿಸಿದ್ದನು. ಅದರ ಮೊದಲ ಪುಟಗಳಲ್ಲಿಯೇ ಮಿತವ್ಯಯದ ನಿರ್ಧಾರವು ಕಾಣುತ್ತದೆ. ಇನ್ನು ಕಟ್ಟಡ ಕಟ್ಟಿಸಬಾರದು, ಕಾಲ ನೆಟ್ಟಗಾಗುವವರೆಗೆ ನೆಲ ಕೊಳ್ಳಬಾರದು, ಪುಸ್ತಕಗಳಿಗೂ ಅಲಂಕಾರದ ವಸ್ತುಗಳಿಗೂ ಹೆಚ್ಚು ಹಣ ಹಾಕಬಾರದು, ಆ ವರ್ಷದ ದುಡಿಮೆಯಿಂದ ಇದ್ದ ಸಾಲವನ್ನು ತೀರಿಸಬೇಕು ಎಂದು ಗೊತ್ತುಮಾಡಿಕೊಂಡನು. ಹತ್ತು ವರ್ಷ ಮೊದಲು ಹೀಗೆ ನಿಶ್ಚಯಿಸಿದ್ದರೆ ಈ ಚರಿತ್ರೆಯನ್ನು ಬರೆಯುವ ಪ್ರಮೇಯವೇ ಇರುತ್ತಿರಲಿಲ್ಲ. ಆದರೆ ನಿರ್ಧಾರಕ್ಕೂ ಆಪತ್ತಿಗೂ ನಡುವೆ ಉಳಿದಿದ್ದುದು ಎರಡು ತಿಂಗಳು ಮಾತ್ರ.

1826ರ ಜನವರಿಯಲ್ಲಿ ಕಾನ್‌ಸ್ಟಬಲ್ಲನ ಲಂಡನ್ ವ್ಯವಹಾರ ನೋಡುತ್ತಿದ್ದ ಅಂಗಡಿಯು ಮುರಿಯಿತು. ಅದರ ಹಿಂದೆಯೇ ಕಾನ್‌ಸ್ಟಬಲ್ಲನೂ, ಅವನ ಹಿಂದೆ ಬ್ಯಾಲಂಟೈನನೂ ಬಿದ್ದರು. ಐವತ್ತನಾಲ್ಕು ವರ್ಷದ ಸ್ಕಾಟನ ತಲೆಯ ಮೇಲೆ ಬಂದ ಋಣವು 1,20,000 ಪೌಂಡುಗಳಿಗೆ ಹತ್ತಿರವಾಗಿತ್ತು. ಮೇಲೆ ಹೇಳಿದ ಸಂಬಳವನ್ನೆಲ್ಲ ಒಂದು ಕಾಸೂ ಬಿಡದೆ ಕಟ್ಟಿದರೂ ಅಸಲು ತೀರಲು ಎಪ್ಪತ್ತು ವರ್ಷಗಳಿಗಿಂತ ಹೆಚ್ಚು ಬೇಕಾಗುತ್ತಿತ್ತು.

ದಿವಾಳಿಯೆಂದು ಸಾರಿ ಕೈತೊಳೆದುಕೊಳ್ಳುವ ಮಾರ್ಗವು ಕಾನೂನಿನಲ್ಲಿ ತೆರೆದೇ ಇತ್ತು. ಸ್ಕಾಟನು ಅದನ್ನು ಹಿಡಿಯಲಿಲ್ಲ. ಹೆಸರು ಹೇಳದ ಮಿತ್ರನೊಬ್ಬನು 30,000 ಪೌಂಡುಗಳನ್ನು ಕೊಡಲು ಮುಂದಾದನು. ಹೆಣ್ಣುಮಕ್ಕಳಿಗೆ ಹಾರ್ಪ್ ಎಂಬ ತಂತಿವಾದ್ಯವನ್ನು ಕಲಿಸುತ್ತಿದ್ದ ಬಡ ಉಪಾಧ್ಯಾಯನು ತನ್ನ ಉಳಿತಾಯವಾದ ಐದಾರು ನೂರು ಪೌಂಡುಗಳನ್ನು ತೆಗೆದುಕೊಳ್ಳಬೇಕೆಂದು ಹೇಳಿಕಳುಹಿಸಿದನು. ಕೋಟ್ಯಧೀಶರ ಸಹಾನುಭೂತಿಗಿಂತ ಈ ಒಂದು ಮಾತು ಆತನ ಮನಸ್ಸನ್ನು ಹೆಚ್ಚು ಕರಗಿಸಿತು. ಆದರೂ ಯಾರ ಹಣವನ್ನೂ ಮುಟ್ಟಲಿಲ್ಲ. ಆಸ್ತಿಯನ್ನೂ ಮುಂದಿನ ಬರಹಗಳ ಸಂಪಾದನೆಯನ್ನೂ ವಿಶ್ವಸ್ತರ ಕೈಗೊಪ್ಪಿಸಿ, ಕಾಲಾವಕಾಶವೊಂದನ್ನೇ ಬೇಡಿದನು.

ಇಲ್ಲಿ ಒಂದು ಮಾತನ್ನು ಮುಚ್ಚಿಡಬಾರದು. ಹಿಂದಿನ ವರ್ಷ ಹಿರಿಯ ಮಗನ ಮದುವೆಯಲ್ಲಿ ಅಬಟ್ಸ್‌ಫರ್ಡನ್ನು ಆ ಮಗನ ಹೆಸರಿಗೆ ಬರೆದುಕೊಟ್ಟಿದ್ದುದರಿಂದ ಅದು ಸಾಲ ಕೊಟ್ಟವರ ಕೈಗೆ ಸಿಕ್ಕಲಿಲ್ಲ. ಆ ಪತ್ರವನ್ನು ರದ್ದುಪಡಿಸಬೇಕೆಂದು ಬ್ಯಾಂಕೊಂದು ಕೇಳಿತಾದರೂ ಕಡೆಗೆ ಸುಮ್ಮನಾಯಿತು. ಎಲ್ಲವನ್ನೂ ಬಿಟ್ಟುಕೊಟ್ಟನೆಂದು ಹೇಳುವವರು ಇದನ್ನು ಮರೆಯುತ್ತಾರೆ. ನೆಲದ ಮೋಹವು ಆತನನ್ನು ಕಡೆಯವರೆಗೂ ಬಿಡಲಿಲ್ಲ.

ಆದರೆ ಉಳಿದ ವಿಷಯಗಳಲ್ಲಿ ಕಡಿತವು ಕಠಿನವಾಗಿಯೇ ನಡೆಯಿತು. ನೇಮವು ಸರಳ: ಸಂಬಳದಲ್ಲಿ ಮನೆ ನಡೆಯಬೇಕು, ಲೇಖನಿಯಿಂದ ಬಂದುದೆಲ್ಲ ಸಾಲಕ್ಕೆ ಹೋಗಬೇಕು. ಒಂದರ ಹಣ ಇನ್ನೊಂದಕ್ಕೆ ಹರಿಯಬಾರದು. ಇಪ್ಪತ್ತಕ್ಕೂ ಹೆಚ್ಚು ವರ್ಷ ಬಾಳಿದ ಎಡಿನ್‌ಬರೋದ ಕ್ಯಾಸಲ್ ಬೀದಿಯ ಮನೆಯನ್ನು 1826ರ ಮಾರ್ಚ್ 15ರಂದು ಬಿಟ್ಟುಹೋದನು, ಅದು ಮಾರಾಟವಾಯಿತು. ನ್ಯಾಯಾಲಯ ನಡೆಯುವ ತಿಂಗಳುಗಳಲ್ಲಿ ಬಾಡಿಗೆಯ ಕೋಣೆಯೇ ಗತಿಯಾಯಿತು. ಅಬಟ್ಸ್‌ಫರ್ಡಿನಲ್ಲಿ ವಾಸಕ್ಕೆ ಅವಕಾಶವಿದ್ದರೂ ಹಿಂದಿನ ವೈಭವವು ಅಡಗಿತು. ಮನೆವಾರ್ತೆಯ ಮುಖ್ಯ ಸೇವಕನಾದ ಡಾಲ್‌ಗ್ಲೀಶನು ಬಿಟ್ಟುಹೋಗಲೊಪ್ಪದೆ, ಕಡಿಮೆಯಾದ ಸಂಬಳಕ್ಕೆ ಹಲವರ ಕೆಲಸವನ್ನು ತಾನೊಬ್ಬನೇ ಮಾಡತೊಡಗಿದನು. ಇಪ್ಪತ್ತೈದು ವರ್ಷ ಗತ್ತಿನಿಂದ ಸಾರೋಟು ಹೊಡೆದ ಮುದಿ ಪೀಟರನು ನೇಗಿಲು ಹಿಡಿದನು. ಅಪರೂಪಕ್ಕೊಮ್ಮೆ ಮಾತ್ರ ಕುದುರೆಗಳನ್ನು ಗಾಡಿಗೆ ಕಟ್ಟುತ್ತಿದ್ದನು. ಯಜಮಾನನು ಖರ್ಚು ಕಡಿದರೆ ಅದರ ಪೆಟ್ಟು ಮೊದಲು ಬೀಳುವುದು ಆಳುಕಾಳುಗಳ ಮೇಲೆ. ಸ್ಕಾಟನು ಅದನ್ನು ಅರಿತಿದ್ದನೆಂದು ದಿನಚರಿಯಿಂದ ತಿಳಿಯುತ್ತದೆ. ತನ್ನನ್ನು ನಂಬಿದ ಬಡವರನ್ನೂ, ಸಾಕಿದ ನಾಯಿಗಳನ್ನೂ ನೆನೆದು ಸಂಕಟಪಟ್ಟಷ್ಟು ಬೇರಾವುದಕ್ಕೂ ಪಟ್ಟಂತೆ ಕಾಣುವುದಿಲ್ಲ.

ಈ ನಡುವೆ ಪತ್ನಿ ಶಾರ್ಲಟ್ಟಳ ಕಾಯಿಲೆಯು ಬಲಿಯಿತು. ಮೇ 11ರಂದು ನ್ಯಾಯಾಲಯದ ಕರ್ತವ್ಯಕ್ಕಾಗಿ ಆತನು ಎಡಿನ್‌ಬರೋಕ್ಕೆ ಹೊರಡಲೇಬೇಕಾಯಿತು. ಸಂಬಳವೊಂದೇ ಮನೆಗೆ ಆಧಾರವಾಗಿದ್ದಾಗ ಹುದ್ದೆಯನ್ನು ಅಲಕ್ಷಿಸುವಂತಿರಲಿಲ್ಲ. ಮೇ 15ರಂದು, ಪತಿಯು ಬಾಡಿಗೆಯ ಕೋಣೆಯಲ್ಲಿದ್ದಾಗ, ಆಕೆಯು ಅಬಟ್ಸ್‌ಫರ್ಡಿನಲ್ಲಿ ತೀರಿಕೊಂಡಳು. ಅಂತ್ಯಕ್ರಿಯೆಯನ್ನು ಮುಗಿಸಿ ಕೆಲವು ದಿನಗಳಲ್ಲಿಯೇ ಆತನು ಮತ್ತೆ ಬರೆಯಲು ಕುಳಿತನು.

ಆ ಬರವಣಿಗೆಯ ವೇಗವು ಬೆರಗುಗೊಳಿಸುವಂಥದು. ಆಪತ್ತಿನ ತಿಂಗಳುಗಳಲ್ಲಿಯೇ ಮುಗಿಸಿದ ‘ವುಡ್‌ಸ್ಟಾಕ್’ ಕಾದಂಬರಿಗೆ 8,000 ಪೌಂಡುಗಳಿಗೂ ಮೀರಿ ಬೆಲೆ ಬಂದಿತು. 1827ರಲ್ಲಿ ಒಂಬತ್ತು ಸಂಪುಟಗಳ ನೆಪೋಲಿಯನ್ ಚರಿತ್ರೆಯು ಹೊರಬಿದ್ದು ಸುಮಾರು 18,000 ಪೌಂಡುಗಳನ್ನು ತಂದಿತು. ಕೀಲುನೋವಿನಿಂದ ನರಳುತ್ತ, ಚಳಿಗಾಲದಲ್ಲಿ ಒಂಟಿಯಾಗಿ ದುಡಿದು, ಎರಡು ವರ್ಷಗಳಲ್ಲಿ 40,000 ಪೌಂಡುಗಳಷ್ಟು ಹಣವನ್ನು ಸಾಲ ಕೊಟ್ಟವರಿಗಾಗಿ ಗಳಿಸಿದನು. ಅವರಿಗೆ ನೂರಕ್ಕೆ ಮೂವತ್ತರಂತೆ ಮೊದಲ ಹಂಚಿಕೆಯಾಯಿತು. ಮಿತವ್ಯಯದಿಂದ ಉಳಿಯುತ್ತಿದ್ದ ಹಣವು ಈ ಮೊತ್ತಗಳ ಮುಂದೆ ಅಲ್ಪವೇ ಸರಿ. ಆದರೆ ಮನೆಯು ಸಂಬಳದ ಮಿತಿಯೊಳಗೆ ನಿಂತುದರಿಂದಲೇ ಲೇಖನಿಯ ಗಳಿಕೆಯು ಒಡೆಯದೆ ಸಾಲಕ್ಕೆ ಮುಟ್ಟಿತು.

ಎಲ್ಲರೂ ಕಾಯಲೊಪ್ಪಿದರೆಂದಲ್ಲ. 1827ರಲ್ಲಿ ಲಂಡನ್ನಿನ ಹುಂಡಿ ವ್ಯಾಪಾರಿಯೊಬ್ಬನು ಸುಮಾರು 2,000 ಪೌಂಡುಗಳಿಗಾಗಿ ಸೆರೆಮನೆಗೆ ಹಾಕಿಸುವೆನೆಂದು ಬೆದರಿಸಿದನು. ಊರು ಬಿಡುವ ಯೋಚನೆಯೂ ಸ್ಕಾಟನಿಗೆ ಬಂದಿತು. ಆದರೆ ಆ ಬೇಡಿಕೆಯು ಹೇಗೋ ತಣ್ಣಗಾಯಿತು. ಬ್ಯಾಂಕಿನ ಒಡೆಯನಾದ ಸರ್ ವಿಲಿಯಂ ಫೋರ್ಬ್ಸನು ಆ ಹಣವನ್ನು ತಾನೇ ತೆತ್ತು, ಉಳಿದವರ ಸಾಲಿನಲ್ಲಿ ತಾನೂ ಒಬ್ಬನಾಗಿ ನಿಂತನೆಂಬುದು ಫೋರ್ಬ್ಸನ ಮರಣದ ತರುವಾಯವೇ ಸ್ಕಾಟನಿಗೆ ತಿಳಿಯಿತು. ಯೌವನದಲ್ಲಿ ಸ್ಕಾಟನು ಮನಸಾರೆ ಬಯಸಿದ್ದ ಕನ್ಯೆಯನ್ನು ವರಿಸಿದವನೇ ಈ ಫೋರ್ಬ್ಸನು.

1829ರಿಂದ ಹಳೆಯ ಕಾದಂಬರಿಗಳನ್ನು ತಿದ್ದಿ, ಟಿಪ್ಪಣಿ ಸೇರಿಸಿ, ತಿಂಗಳಿಗೊಂದು ಸಂಪುಟದಂತೆ ಅಲ್ಪ ಬೆಲೆಗೆ ಕೊಡುವ ಏರ್ಪಾಡಾಯಿತು. ಕ್ಯಾಡೆಲ್ ಎಂಬ ಪ್ರಕಾಶಕನ ಈ ಯೋಜನೆಯು ಯಾರೂ ನಿರೀಕ್ಷಿಸದಷ್ಟು ಫಲಿಸಿತು. 1830ರ ಡಿಸೆಂಬರಿನ ವೇಳೆಗೆ ಸಾಲವು 54,000 ಪೌಂಡುಗಳಿಗೆ ಇಳಿಯಿತು. ಸಾಲ ಕೊಟ್ಟವರು ಸಭೆ ಸೇರಿ, ಆತನ ಗ್ರಂಥಭಂಡಾರ, ಪೀಠೋಪಕರಣ, ಬೆಳ್ಳಿಯ ಪಾತ್ರೆ, ಚಿತ್ರಪಟಗಳೆಲ್ಲವನ್ನೂ ಕೃತಜ್ಞತೆಯ ಕಾಣಿಕೆಯಾಗಿ ಆತನಿಗೇ ಬಿಟ್ಟುಕೊಟ್ಟರು. ಕೊಟ್ಟವರೇ ತೆಗೆದುಕೊಂಡವನಿಗೆ ಉಡುಗೊರೆ ಮಾಡಿದ ಇಂಥ ಪ್ರಸಂಗವು ಲೇವಾದೇವಿಯ ಇತಿಹಾಸದಲ್ಲಿ ವಿರಳ.

ಅಷ್ಟರಲ್ಲಿ ದೇಹವು ಸೋತಿತ್ತು. ಅದೇ ವರ್ಷದ ಫೆಬ್ರವರಿಯಲ್ಲಿ ಪಾರ್ಶ್ವವಾಯು ಬಡಿದು, ನವೆಂಬರಿನಲ್ಲಿ ನ್ಯಾಯಾಲಯದ ಹುದ್ದೆಯಿಂದ ನಿವೃತ್ತನಾದನು. ಸಂಬಳ ಹೋಗಿ ಸುಮಾರು 800 ಪೌಂಡುಗಳ ವಿಶ್ರಾಂತಿವೇತನ ಉಳಿಯಿತು. ಕಡಿಮೆಯಾದುದನ್ನು ತುಂಬಿಕೊಡಲು ಸರಕಾರವೇ ಮುಂದೆ ಬಂದಾಗ, ಅದನ್ನು ನಿರಾಕರಿಸಲು ಆತನು ಸಾಲ ಕೊಟ್ಟವರ ಸಮ್ಮತಿಯನ್ನು ಬೇಡಿದನು, ಅವರು ಒಪ್ಪಿದರು. ವೈದ್ಯರು ಬೇಡವೆಂದರೂ ಬರೆಯುವುದನ್ನು ನಿಲ್ಲಿಸಲಿಲ್ಲ. 1831ರ ಅಕ್ಟೋಬರಿನಲ್ಲಿ ಸರಕಾರವು ಒದಗಿಸಿದ ಯುದ್ಧನೌಕೆಯಲ್ಲಿ ಮಾಲ್ಟಾ ದ್ವೀಪಕ್ಕೂ, ಅಲ್ಲಿಂದ ಇಟಲಿಗೂ ಹೋದನು. ಆ ಪ್ರವಾಸದಲ್ಲಿ, ಮಸುಕಾದ ಮನಸ್ಸಿಗೆ, ಸಾಲವೆಲ್ಲ ತೀರಿತೆಂಬ ಭಾವನೆಯು ನೆಲಸಿತು. ಜೊತೆಯಲ್ಲಿದ್ದವರು ಅದನ್ನು ತಿದ್ದಲು ಹೋಗಲಿಲ್ಲ.

1832ರ ಸೆಪ್ಟೆಂಬರ್ 21ರಂದು ಅಬಟ್ಸ್‌ಫರ್ಡಿನಲ್ಲಿ, ತೆರೆದ ಕಿಟಕಿಯಾಚೆ ಟ್ವೀಡ್ ನದಿಯು ಹರಿಯುತ್ತಿರಲು, ಮಕ್ಕಳ ಸಮ್ಮುಖದಲ್ಲಿ ಆತನು ದೇಹವನ್ನಿಟ್ಟನು. ಜೀವವಿಮೆಯಿಂದ 22,000 ಪೌಂಡುಗಳು ಬಂದವು. ಗ್ರಂಥಗಳ ಹಕ್ಕಿನ ಮೇಲೆ ಕ್ಯಾಡೆಲ್ಲನು 30,000 ಪೌಂಡುಗಳನ್ನು ಮುಂದಾಗಿ ಕೊಟ್ಟನು. ವಿಶ್ವಸ್ತರ ಬಳಿ ಸ್ವಲ್ಪ ಹಣವಿತ್ತು. 1833ರ ಫೆಬ್ರವರಿಯಲ್ಲಿ ವಿಶ್ವಸ್ತರ ಕೈಯಲ್ಲಿದ್ದ ಸಾಲದ ಅಸಲೆಲ್ಲವೂ ಸಂದಾಯವಾಯಿತು. ಅಬಟ್ಸ್‌ಫರ್ಡಿನ ಮೇಲಣ ಅಡಮಾನವು ಮಾತ್ರ 1847ರವರೆಗೆ ನಿಂತು, ಉಳಿದ ಹಕ್ಕುಗಳನ್ನೂ ಕ್ಯಾಡೆಲ್ಲನಿಗೆ ಬಿಟ್ಟುಕೊಟ್ಟ ಮೇಲೆ ಹರಿಯಿತು.

ಅಷ್ಟು ಹಟದಿಂದ ಯಾವ ಹಿರಿಯ ಮಗನಿಗಾಗಿ ಆ ಮನೆಯನ್ನು ಉಳಿಸಿದ್ದನೋ, ಅವನು 15ನೆಯ ಹುಸಾರ್ ಅಶ್ವದಳದ ಅಧಿಕಾರಿಯಾಗಿ ನಮ್ಮ ಬೆಂಗಳೂರಿನ ದಂಡಿನಲ್ಲಿದ್ದನು. 1846ರ ಆಗಸ್ಟಿನಲ್ಲಿ ಅಲ್ಲಿಯೇ ಜ್ವರ ಹಿಡಿದು ಪಿತ್ತಕೋಶದ ಬಳಿಯ ಯಕೃತ್ತು ಕೆಟ್ಟಿತು. ಮದರಾಸಿನಿಂದ ಹಡಗೇರಿ ತಾಯ್ನಾಡಿಗೆ ಹೊರಟವನು, 1847ರ ಫೆಬ್ರವರಿ 8ರಂದು, ಗುಡ್‌ಹೋಪ್ ಭೂಶಿರದ ಸಮೀಪದಲ್ಲಿ ಸಮುದ್ರದ ಮೇಲೆಯೇ ತೀರಿಕೊಂಡನು. ಅವನಿಗೆ ಮಕ್ಕಳಿರಲಿಲ್ಲ. ಮನೆಯ ಮೇಲಣ ಕೊನೆಯ ಸಾಲವು ಹರಿದುದು ಅದಾದ ಕೆಲವು ತಿಂಗಳುಗಳಿಗೆ.