ಬಾಲವನದ ಗುರು

ಓದು, ಬರೆಹ, ಲೆಕ್ಕ ಇವಿಷ್ಟನ್ನು ಕಲಿಸಿದರೆ ಶಿಕ್ಷಣ ಪೂರ್ಣವಾಯಿತೆಂದು ನಮ್ಮ ಸಮಾಜ ಬಹುಕಾಲ ನಂಬಿತ್ತು. ಚಿತ್ರ, ಹಾಡು, ಕುಣಿತ, ನಾಟಕಗಳು ಬಿಡುವಿನ ವೇಳೆಯ ವಿನೋದಗಳೆನಿಸಿದ್ದವು. ಕಲೆಯ ಸಂಪರ್ಕವಿಲ್ಲದ ಶಿಕ್ಷಣವು ಮಗುವಿನ ಕಣ್ಣನ್ನಾಗಲಿ ಮನಸ್ಸನ್ನಾಗಲಿ ತೆರೆಯಲಾರದೆಂದು ಮನಗಂಡು, ಆ ನಂಬಿಕೆಯನ್ನು ಪುತ್ತೂರಿನ ಗುಡ್ಡವೊಂದರ ಮೇಲೆ ಕಾರ್ಯರೂಪಕ್ಕೆ ತಂದವರು ಡಾ. ಶಿವರಾಮ ಕಾರಂತರು.

ಕಾರಂತರು 1902ನೆಯ ಇಸವಿ ಅಕ್ಟೋಬರ್ 10ರಂದು ಉಡುಪಿಯ ಬಳಿಯ ಕೋಟದಲ್ಲಿ ಜನಿಸಿದರು. ತಂದೆ ಶೇಷ ಕಾರಂತರು, ತಾಯಿ ಲಕ್ಷ್ಮಮ್ಮ. ಗಾಂಧೀಜಿಯವರ ಅಸಹಕಾರ ಚಳವಳಿಯ ಕರೆಗೆ ಓಗೊಟ್ಟು ಅವರು ಮಂಗಳೂರಿನ ಕಾಲೇಜನ್ನು ತೊರೆದರು. ಅಲ್ಲಿಂದ ಮುಂದೆ ಜಗತ್ತೇ ಅವರ ಪಾಠಶಾಲೆಯಾಯಿತು. ಖಾದಿ ಪ್ರಚಾರ ಮಾಡಿದರು, ಪತ್ರಿಕೆ ನಡೆಸಿದರು, ನಾಟಕ ಆಡಿಸಿದರು, ಮೂಕಿಚಿತ್ರದ ತಯಾರಿಕೆಗೂ ಕೈಹಾಕಿದರು. ದೇಶ ಸುತ್ತಿ ಚಿತ್ರಶಿಲ್ಪಗಳನ್ನು ಕಣ್ಣಾರೆ ಕಂಡರು. ಕನ್ನಡದಲ್ಲಿ ಕಲೆಯನ್ನು ಕುರಿತ ಗ್ರಂಥಗಳು ವಿರಳವಾಗಿದ್ದ ಕಾಲದಲ್ಲಿ, 1930ರಲ್ಲಿ, ‘ಭಾರತೀಯ ಚಿತ್ರಕಲೆ’ ಎಂಬ ಪುಸ್ತಕವನ್ನು ಬರೆದರು. ತಾವು ಕಂಡುದನ್ನು ಇತರರಿಗೂ ಕಾಣಿಸಬೇಕೆಂಬ ಹಂಬಲ ಅವರಲ್ಲಿ ಸದಾ ಜಾಗೃತವಾಗಿತ್ತು.

ಈ ಹಂಬಲಕ್ಕೆ ಪುತ್ತೂರು ನೆಲೆಯನ್ನು ಒದಗಿಸಿತು. ಸಹಕಾರ ಚಳವಳಿಯ ಮುಂದಾಳು ಮೊಳಹಳ್ಳಿ ಶಿವರಾಯರ ಬೆಂಬಲದಿಂದ ಅಲ್ಲಿ ದಸರಾ ನಾಡಹಬ್ಬಗಳು ನಡೆದವು. ನಾಡಿನ ಹೆಸರಾಂತ ಸಾಹಿತಿಗಳೂ ಕಲಾವಿದರೂ ಆ ಪುಟ್ಟ ಊರಿಗೆ ಬಂದರು. ಅಡಕೆ ತೋಟಗಳ ನಡುವಿನ ಹಳ್ಳಿಗರಿಗೆ ಹೊಸ ಸಾಹಿತ್ಯ, ಸಂಗೀತ, ನೃತ್ಯಗಳ ಪರಿಚಯವಾಯಿತು.

1930ರ ದಶಕದಲ್ಲಿ ಪರ್ಲಡ್ಕದಲ್ಲಿ ‘ಬಾಲವನ’ ತಲೆಯೆತ್ತಿತು. ಬೆತ್ತದ ಭಯದಿಂದ ಪಾಠ ಒಪ್ಪಿಸುವ ಶಾಲೆ ಅದಾಗಬಾರದೆಂಬುದು ಕಾರಂತರ ಸಂಕಲ್ಪ. ಮಕ್ಕಳು ಆಡಬೇಕು, ಹಾಡಬೇಕು, ಕುಣಿಯಬೇಕು. ಬಣ್ಣಗಳೊಡನೆ ಸ್ನೇಹ ಬೆಳೆಸಬೇಕು. ಗಿಡಮರ, ಹುಳುಹಕ್ಕಿಗಳನ್ನು ತಾವೇ ನೋಡಿ ತಿಳಿಯಬೇಕು. ಮಗುವಿಗೆ ಉತ್ತರ ಹೇಳಿಕೊಡುವುದಕ್ಕಿಂತ ಪ್ರಶ್ನೆ ಕೇಳುವ ಕುತೂಹಲವನ್ನು ಕೆರಳಿಸುವುದೇ ಗುರುವಿನ ಕೆಲಸವೆಂದು ಅವರು ಬಗೆದಿದ್ದರು. 1936ರಲ್ಲಿ ಅವರ ಕೈಹಿಡಿದ ಲೀಲಾ ಅವರು ಈ ಸಾಹಸದಲ್ಲಿ ಸಹಭಾಗಿನಿಯಾದರು. ಜಾತಿಯ ಎಲ್ಲೆಯನ್ನು ದಾಟಿದ ಆ ವಿವಾಹ ಅಂದಿನ ದಿನಗಳಲ್ಲಿ ಸುಲಭದ ಮಾತಾಗಿರಲಿಲ್ಲ.

ಬಾಲವನದ ದಾರಿಯೂ ಸುಗಮವಾಗಿರಲಿಲ್ಲ. ಕುಣಿತ ಕಲಿತ ಮಗುವಿಗೆ ನೌಕರಿ ದೊರೆಯುವುದೆ ಎಂದು ಯೋಚಿಸುವ ತಂದೆತಾಯಿಗಳು ಎಲ್ಲ ಕಾಲದಲ್ಲಿಯೂ ಇರುತ್ತಾರೆ. ಹಣದ ಮುಗ್ಗಟ್ಟೂ ಸೇರಿಕೊಂಡು ಶಾಲೆ ಬಹುಕಾಲ ನಡೆಯಲಿಲ್ಲ. ಆದರೆ ಕಾರಂತರು ಎದೆಗುಂದಲಿಲ್ಲ. ಶಾಲೆಗೆ ಬರಲಾಗದ ಮಕ್ಕಳ ಬಳಿಗೆ ಶಾಲೆಯೇ ಹೋಗಬೇಕೆಂಬಂತೆ ಮೂರು ಸಂಪುಟಗಳ ‘ಬಾಲಪ್ರಪಂಚ’ವನ್ನು ರಚಿಸಿದರು. ವಿಶ್ವಕೋಶವೊಂದನ್ನು ಸಿದ್ಧಪಡಿಸಲು ವಿದ್ವಾಂಸರ ಮಂಡಳಿಯೇ ಬೇಕು; ಅಂಥ ಕಾರ್ಯವನ್ನು ಅವರೊಬ್ಬರೇ ಕೈಗೊಂಡರು. ಮುಂದೆ ನಾಲ್ಕು ಸಂಪುಟಗಳ ‘ವಿಜ್ಞಾನ ಪ್ರಪಂಚ’ವೂ ಹೊರಬಂದಿತು.

ಅವರಿಗೆ ಕಲೆಯ ಪ್ರೇರಣೆ ಗ್ರಂಥಗಳಿಂದ ಮಾತ್ರ ಬಂದುದಲ್ಲ. ಸುಳ್ಯದ ಕಡೆಯ ದಟ್ಟ ಕಾಡುಗಳು, ಇಂದು ಕಡಬ ತಾಲ್ಲೂಕಿಗೆ ಸೇರಿರುವ ಸುಬ್ರಹ್ಮಣ್ಯದ ಬೆಟ್ಟಗಳು, ಅಲ್ಲಿ ಮಣ್ಣಿನೊಡನೆ ಸೆಣಸುವ ಕೃಷಿಕರು ಅವರ ಗುರುಗಳಾಗಿದ್ದರು. 1943ರ ‘ಬೆಟ್ಟದ ಜೀವ’ ಕಾದಂಬರಿ ಆ ಪರಿಸರದಲ್ಲಿಯೇ ಅರಳಿತು. ಇತ್ತ ಯೂರೋಪಿನಲ್ಲಿ ಸಂಚರಿಸಿ, ಅಲ್ಲಿಯ ಕಲೆಯನ್ನೂ ಬದುಕನ್ನೂ ಕಂಡು, ‘ಅಪೂರ್ವ ಪಶ್ಚಿಮ’ ಎಂಬ ಪ್ರವಾಸ ಗ್ರಂಥದ ಮೂಲಕ ಕನ್ನಡಿಗರೊಡನೆ ಹಂಚಿಕೊಂಡರು.

ಹಳೆಯದೆಂದು ಯಾವುದನ್ನೂ ಅವರು ಕುರುಡಾಗಿ ಪೂಜಿಸಲಿಲ್ಲ. ಹೊಸದೆಂಬ ಮಾತ್ರಕ್ಕೆ ಅಪ್ಪಿಕೊಳ್ಳಲೂ ಇಲ್ಲ. ಯಕ್ಷಗಾನವನ್ನು ಆಳವಾಗಿ ಅಭ್ಯಸಿಸಿ ‘ಯಕ್ಷಗಾನ ಬಯಲಾಟ’ವೆಂಬ ಗ್ರಂಥವನ್ನು ಬರೆದ ಅವರೇ, ಆ ಕಲೆಯಲ್ಲಿ ಪಿಟೀಲು, ಸ್ಯಾಕ್ಸೊಫೋನುಗಳನ್ನು ಬಳಸಿ ನೃತ್ಯರೂಪಕಗಳನ್ನು ನಿರ್ದೇಶಿಸಿದರು. ಸಂಪ್ರದಾಯಸ್ಥರ ಟೀಕೆ ಅವರನ್ನು ತಡೆಯಲಿಲ್ಲ.

‘ಮೂಕಜ್ಜಿಯ ಕನಸುಗಳು’ ಕಾದಂಬರಿಗಾಗಿ 1977ರ ಜ್ಞಾನಪೀಠ ಪ್ರಶಸ್ತಿ ಅವರಿಗೆ ಸಂದಿತು. ಪ್ರಶಸ್ತಿಗಳು ಅವರ ಕುತೂಹಲವನ್ನು ತಣಿಸಲಿಲ್ಲ. 95ನೆಯ ವಯಸ್ಸಿನಲ್ಲಿ, ಮಕ್ಕಳಿಗೆ ನೋಡಿರೆಂದು ಹೇಳಿದ ಹಕ್ಕಿಗಳನ್ನು ಕುರಿತೇ ಪುಸ್ತಕ ಬರೆದರು. 1997ರ ಡಿಸೆಂಬರ್ 9ರಂದು ಅವರು ನಿಧನರಾದರು.

ಬಾಲವನ ಇಂದು ಅವರ ಸ್ಮಾರಕವಾಗಿ ಉಳಿದಿದೆ. ಒಂದು ಶಾಲೆಯ ಬಾಗಿಲು ಮುಚ್ಚಬಹುದು; ಮಕ್ಕಳಿಗೆ ನೋಡಲು ಕಲಿಸಿದ ಗುರುವಿನ ಪಾಠ ಮುಗಿಯುವುದಿಲ್ಲ. ಕಣ್ಣು ತೆರೆದು ಲೋಕವನ್ನು ನೋಡುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಬಾಲವನದ ವಿದ್ಯಾರ್ಥಿಯೇ.