ಮೊಬೈಲ್ ಆ್ಯಪ್ ತೋರಿಸುವ ಡೆಸಿಬೆಲ್ ನಿಖರವೇ? ಸಿ.ವಿ. ರಾಮನ್ ಬದುಕಿನಲ್ಲಿದೆ ಉತ್ತರ

ಹರಪನಹಳ್ಳಿಯ ಯಾವುದೇ ಕಲ್ಯಾಣ ಮಂಟಪದಲ್ಲಿ ಶಬ್ದ ಅಳೆಯುವ ಆ್ಯಪ್ ತೆರೆದು ನೋಡಿ. ಅಂಕಿ ಒಂದು ಕ್ಷಣವೂ ನಿಲ್ಲುವುದಿಲ್ಲ. ಎರಡು ಹೆಜ್ಜೆ ಸರಿದರೆ ಬೇರೆಯದೇ ಅಂಕಿ. ಆದರೂ ಒಂದು ಸ್ಕ್ರೀನ್‌ಶಾಟ್ ಪುರಾವೆಯೆಂದು ವಾಟ್ಸ್‌ಆ್ಯಪ್‌ನಲ್ಲಿ ಓಡಾಡುತ್ತದೆ. ಅದನ್ನು ನಂಬಬಹುದೇ?

ಉತ್ತರಕ್ಕಾಗಿ ನಾವು ಸಿ.ವಿ. ರಾಮನ್ ಅವರ ಬದುಕಿನತ್ತ ನೋಡೋಣ. ಬೆಳಕಿನ ವಿಜ್ಞಾನಿ ಎಂದೇ ನಮಗೆಲ್ಲ ಪರಿಚಿತರಾದ ಅವರು ಅದಕ್ಕೂ ಮೊದಲು ಹಲವು ವರ್ಷ ಬೆನ್ನು ಹತ್ತಿದ್ದು ಧ್ವನಿಯನ್ನು.

1888ರಲ್ಲಿ ತಿರುಚಿರಾಪಳ್ಳಿಯಲ್ಲಿ ಹುಟ್ಟಿದ ರಾಮನ್, 1907ರಲ್ಲಿ ಹಣಕಾಸು ಇಲಾಖೆಯ ಅಧಿಕಾರಿಯಾಗಿ ಕಲ್ಕತ್ತಾಗೆ ಹೋದರು. ಕಚೇರಿ ಕೆಲಸದ ಆಚೆಗಿನ ಹೊತ್ತೆಲ್ಲ ಪ್ರಯೋಗಾಲಯಕ್ಕೆ ಮೀಸಲು. ಅಲ್ಲಿ ವೀಣೆ, ಪಿಟೀಲು, ಮೃದಂಗಗಳ ನಾದವನ್ನು ಪರೀಕ್ಷಿಸಿದರು. 1917ರಲ್ಲಿ ಸರ್ಕಾರಿ ನೌಕರಿ ಬಿಟ್ಟು ಪ್ರಾಧ್ಯಾಪಕರಾದರು.

ಪಿಟೀಲು ಅವರಿಗೆ ಒಂದು ತೊಡಕು ತಂದಿತು. ಮನುಷ್ಯನ ಕೈ ಎರಡು ಸಲ ಒಂದೇ ರೀತಿ ಕಮಾನು ಎಳೆಯುವುದಿಲ್ಲ. ಧ್ವನಿ ಬದಲಾದರೆ ಅದಕ್ಕೆ ಕಾರಣ ವಾದ್ಯವೋ ಕೈಯೋ, ಹೇಳುವುದು ಹೇಗೆ? ಅದಕ್ಕಾಗಿ ಒತ್ತಡ, ವೇಗ ಎರಡನ್ನೂ ಹಿಡಿತದಲ್ಲಿಟ್ಟು ಪಿಟೀಲು ನುಡಿಸುವ ಯಂತ್ರವನ್ನೇ ಮಾಡಿಸಿ, 1920ರಲ್ಲಿ ಆ ಪ್ರಯೋಗಗಳನ್ನು ಪ್ರಕಟಿಸಿದರು.

1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದಲ್ಲಿ ಪಿಸುಮಾತನ್ನು ಪರೀಕ್ಷಿಸಿದರು. ನಮ್ಮ ಗೋಲಗುಮ್ಮಟದಂತೆ ಅಲ್ಲೂ ಪಿಸುಮಾತು ಗೋಡೆಗುಂಟ ದೂರ ಸಾಗುತ್ತದೆ. ಆದರೆ ಗೋಡೆಯಿಂದ ಒಳಕ್ಕೆ ಸರಿದಂತೆ ಧ್ವನಿ ಒಂದೇ ಸಮನೆ ಇಳಿಯದೆ, ಹೆಚ್ಚುತ್ತ ಕಡಿಮೆಯಾಗುತ್ತ ಹೋಗುವುದು ಕಂಡುಬಂತು. ಒಂದೇ ಕಟ್ಟಡ, ಒಂದೇ ಧ್ವನಿ; ನಿಂತ ಜಾಗ ಬದಲಾದರೆ ಅಳತೆಯೂ ಬದಲು.

ಅದೇ ಪ್ರವಾಸದಲ್ಲಿ ಕಂಡ ಸಮುದ್ರದ ನೀಲಿ ಅವರನ್ನು ಬೆಳಕಿನತ್ತ ಸೆಳೆಯಿತು. 1928ರಲ್ಲಿ ರಾಮನ್ ಪರಿಣಾಮ, 1930ರಲ್ಲಿ ನೊಬೆಲ್. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದರು. 1970ರ ನವೆಂಬರ್ 21ರಂದು ನಿಧನರಾದಾಗ, ತಾವೇ ಕಟ್ಟಿದ ರಾಮನ್ ಸಂಶೋಧನಾ ಸಂಸ್ಥೆಯ ಅಂಗಳದಲ್ಲೇ ಅಂತ್ಯಕ್ರಿಯೆ ನಡೆಯಿತು.

ಈಗ ಆ ಸ್ಕ್ರೀನ್‌ಶಾಟ್‌ಗೆ ಬರೋಣ. ಫ್ಯಾನ್, ಮಾತು, ರಸ್ತೆಯ ಹಾರ್ನ್‌ಗಳಿಂದ ಕೋಣೆಯ ಸದ್ದು ಕ್ಷಣಕ್ಷಣಕ್ಕೂ ಏರಿಳಿಯುತ್ತದೆ. ಬರೀ 3 ಡೆಸಿಬೆಲ್ ವ್ಯತ್ಯಾಸವೆಂದರೂ ಧ್ವನಿಯ ಶಕ್ತಿ ಸುಮಾರು ದುಪ್ಪಟ್ಟು. ಫೋನಿನಿಂದ ಫೋನಿಗೆ ಮೈಕ್ ಕೂಡ ಬೇರೆ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಎನ್ನುವ ನಮ್ಮ ಕಾನೂನಿನ ಮಿತಿಯೂ ಒಂದು ಕ್ಷಣದ ಅಂಕಿಯಲ್ಲ, ಸರಾಸರಿ.

ಹಾಗಾಗಿ ಒಂದೇ ಅಂಕಿ ಪುರಾವೆಯಲ್ಲ. ನಾಲ್ಕಾರು ಜಾಗದಲ್ಲಿ, ಸಾಕಷ್ಟು ಹೊತ್ತು ಅಳೆದರೆ ಆ್ಯಪ್ ಒಂದು ಅಂದಾಜು ಕೊಟ್ಟೀತು. ದೂರು ಕೊಡುವುದಿದ್ದರೆ, ಪ್ರಮಾಣೀಕೃತ ಮಾಪಕದಿಂದ ಅಳೆಯಲು ಕೇಳಿ. ಫಾರ್ವರ್ಡ್ ಮಾಡುವ ಮುನ್ನ ಇಷ್ಟು ನೆನಪಿರಲಿ.