ಫಿರೋಜ್ ಗಾಂಧಿ: ಸಾರ್ವಜನಿಕ ಹಣ ಮತ್ತು ಸಂಸತ್ತು

ಫಿರೋಜ್ ಗಾಂಧಿಯವರ ಬದುಕನ್ನು ನೆಹರೂ ಮನೆತನದ ಅಳಿಯನ ಕಥೆಯಾಗಿ ಓದುವ ರೂಢಿಯೇ ಹೆಚ್ಚು. ಆಳುವ ಪಕ್ಷದ ಸದಸ್ಯರಾಗಿದ್ದುಕೊಂಡೇ ಆ ಪಕ್ಷದ ಸರ್ಕಾರದಿಂದ ಹಣದ ಲೆಕ್ಕ ಕೇಳಿದ ಸಂಸದೀಯಪಟುವಾಗಿ ಅವರು ಈ ಓದಿನಲ್ಲಿ ಮರೆಯಾಗುತ್ತಾರೆ.

1912ರಲ್ಲಿ ಮುಂಬಯಿಯ ಪಾರ್ಸಿ ಕುಟುಂಬವೊಂದರಲ್ಲಿ ಜನಿಸಿದ ಅವರು ಬೆಳೆದದ್ದು ಅಲಹಾಬಾದಿನಲ್ಲಿ. 1930ರ ಚಳವಳಿ ಅವರನ್ನು ಕಾಲೇಜಿನಿಂದ ಸೆರೆಮನೆಗೆ ಕರೆದೊಯ್ದಿತು. 1942ರಲ್ಲಿ ಇಂದಿರಾ ಅವರೊಡನೆ ವಿವಾಹವಾಯಿತು. ಮುಂದೆ ಲಖನೌದ 'ನ್ಯಾಷನಲ್ ಹೆರಾಲ್ಡ್' ಪತ್ರಿಕೆಯ ಆಡಳಿತವನ್ನು ವಹಿಸಿಕೊಂಡರು. 1952ರಲ್ಲಿ ರಾಯಬರೇಲಿಯಿಂದ ಲೋಕಸಭೆಗೆ ಆಯ್ಕೆಯಾದರೂ ಮೊದಲ ಮೂರು ವರ್ಷ ಬಹುಮಟ್ಟಿಗೆ ಮೌನಿಯಾಗಿದ್ದರು.

ಆ ಮೌನ ಮುರಿದದ್ದು 1955ರ ಡಿಸೆಂಬರಿನಲ್ಲಿ. ಖಾಸಗಿ ವಿಮಾ ಕಂಪನಿಗಳಲ್ಲಿ ಪಾಲಿಸಿದಾರರ ಹಣ ಮಾಲೀಕರ ಅನ್ಯ ವ್ಯವಹಾರಗಳಿಗೆ ಹರಿಯುತ್ತಿದ್ದ ಬಗೆಯನ್ನು, ವಿಶೇಷವಾಗಿ ರಾಮಕೃಷ್ಣ ದಾಲ್ಮಿಯಾ ಅವರ ಭಾರತ್ ಇನ್ಶೂರೆನ್ಸ್ ಕಂಪನಿಯ ವ್ಯವಹಾರವನ್ನು, ಅವರು ಅಂಕಿಅಂಶಗಳೊಡನೆ ಸದನದ ಮುಂದಿಟ್ಟರು. ಮರುತಿಂಗಳೇ ಜೀವವಿಮೆಯ ರಾಷ್ಟ್ರೀಕರಣದ ಸುಗ್ರೀವಾಜ್ಞೆ ಹೊರಬಿತ್ತು. ದಾಲ್ಮಿಯಾ ಮುಂದೆ ಸೆರೆವಾಸ ಅನುಭವಿಸಬೇಕಾಯಿತು.

ವಿಪರ್ಯಾಸವೆಂದರೆ, ಹಾಗೆ ಹುಟ್ಟಿದ ಜೀವವಿಮಾ ನಿಗಮವೇ ಎರಡು ವರ್ಷಗಳೊಳಗೆ ಅವರ ಪ್ರಶ್ನೆಗೆ ಗುರಿಯಾಯಿತು. 1957ರ ಜೂನ್‌ನಲ್ಲಿ ನಿಗಮವು ಉದ್ಯಮಿ ಹರಿದಾಸ್ ಮುಂದ್ರಾ ಅವರ ಆರು ಕಂಪನಿಗಳ ಷೇರುಗಳನ್ನು ಸುಮಾರು 1.24 ಕೋಟಿ ರೂಪಾಯಿಗೆ ಕೊಂಡಿತ್ತು. ಸಾಲದಲ್ಲಿ ಮುಳುಗಿದ್ದ ಉದ್ಯಮಿಯೊಬ್ಬರಿಗೆ ಹೀಗೆ ನೆರವಾಗುವಾಗ ನಿಗಮದ ಹೂಡಿಕೆ ಸಮಿತಿಯನ್ನು ಕೇಳಿರಲಿಲ್ಲ. ಡಿಸೆಂಬರ್ 16ರಂದು ಫಿರೋಜ್ ಗಾಂಧಿಯವರು ಈ ವ್ಯವಹಾರವನ್ನು ಎಳೆಎಳೆಯಾಗಿ ಬಿಡಿಸಿಟ್ಟರು. ಆರೋಪಕ್ಕಿಂತ ದಾಖಲೆಯನ್ನು ನೆಚ್ಚಿದ್ದು ಅವರ ಭಾಷಣದ ಬಲ. ಬಾಂಬೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿ ಎಂ. ಸಿ. ಛಾಗ್ಲಾ ಅವರ ಆಯೋಗ ಬಹಿರಂಗ ವಿಚಾರಣೆ ನಡೆಸಿ ಕೆಲವೇ ವಾರಗಳಲ್ಲಿ ವರದಿ ನೀಡಿತು. ಅಧಿಕಾರಿಗಳ ಕೃತ್ಯಕ್ಕೆ ಸಚಿವರೇ ಹೊಣೆಯೆಂಬ ಅದರ ನಿಲುವಿನ ಹಿನ್ನೆಲೆಯಲ್ಲಿ 1958ರ ಫೆಬ್ರವರಿಯಲ್ಲಿ ಹಣಕಾಸು ಸಚಿವ ಟಿ. ಟಿ. ಕೃಷ್ಣಮಾಚಾರಿ ರಾಜೀನಾಮೆಯಿತ್ತರು.

1957 ಮಹಾಚುನಾವಣೆಯ ವರ್ಷವೂ ಹೌದೆಂಬುದನ್ನು ಇಲ್ಲಿ ಮರೆಯಲಾಗದು. ಟಾಟಾ ಉಕ್ಕು ಕಂಪನಿ ರಾಜಕೀಯ ಪಕ್ಷಗಳಿಗೆ ದೇಣಿಗೆ ನೀಡಲು ಬಯಸಿದ ಪ್ರಕರಣದಲ್ಲಿ, ಅಂಥ ಹಣ ಪ್ರಜಾಪ್ರಭುತ್ವಕ್ಕೆ ತರಬಹುದಾದ ಅಪಾಯವನ್ನು ಇದೇ ಛಾಗ್ಲಾ ಆ ವರ್ಷವೇ ಎತ್ತಿ ತೋರಿದ್ದರು. ಮುಂದ್ರಾ ಅವರು ಕಾಂಗ್ರೆಸ್ಸಿಗೆ ನೀಡಿದ ದೇಣಿಗೆಯ ಪ್ರಶ್ನೆ ಅನಂತರ ನೇಮಕವಾದ ವಿವಿಯನ್ ಬೋಸ್ ಮಂಡಳಿಯ ಮುಂದೆ ಬಂದಿತು. ಷೇರು ಖರೀದಿಗೂ ಪಕ್ಷದ ನಿಧಿಗೂ ಇರುವ ನಂಟಿನ ಸಂದೇಹ ಸ್ವತಂತ್ರ ಭಾರತದಲ್ಲಿ ಇಷ್ಟು ಗಂಭೀರವಾಗಿ ಚರ್ಚೆಗೆ ಒಳಗಾದದ್ದು ಆಗಲೇ ಎನ್ನಬಹುದು.

ಈ ಪ್ರಕರಣಗಳಷ್ಟು ಪ್ರಸಿದ್ಧವಲ್ಲದ, ಆದರೆ ಅವುಗಳಿಗಿಂತ ದೀರ್ಘಕಾಲ ಬಾಳಿದ ಕೊಡುಗೆಯೊಂದು ಅವರದಿದೆ. ಸದನದಲ್ಲಿ ಆಡಿದ ಮಾತಿಗೆ ಸದಸ್ಯನಿಗೆ ರಕ್ಷಣೆಯಿತ್ತು; ಅದನ್ನು ವರದಿ ಮಾಡಿದ ಪತ್ರಕರ್ತನಿಗೆ ಇರಲಿಲ್ಲ. ಫಿರೋಜ್ ಗಾಂಧಿಯವರು ಮಂಡಿಸಿದ ಖಾಸಗಿ ಮಸೂದೆ 1956ರಲ್ಲಿ ಕಾಯಿದೆಯಾಗಿ ಈ ಕೊರತೆಯನ್ನು ನೀಗಿತು. 1960ರ ಸೆಪ್ಟೆಂಬರ್ 8ರಂದು, ನಲವತ್ತೆಂಟು ತುಂಬುವ ಮೊದಲೇ, ಅವರು ಹೃದಯಾಘಾತದಿಂದ ದೆಹಲಿಯಲ್ಲಿ ನಿಧನರಾದರು. ತುರ್ತುಪರಿಸ್ಥಿತಿಯ ಕಾಲದಲ್ಲಿ, 1976ರಲ್ಲಿ, ಇಂದಿರಾ ಗಾಂಧಿಯವರ ಸರ್ಕಾರ ಆ ಕಾಯಿದೆಯನ್ನು ರದ್ದುಗೊಳಿಸಿತು. 1977ರಲ್ಲಿ ಜನತಾ ಸರ್ಕಾರ ಅದೇ ರಕ್ಷಣೆಯನ್ನು ಹೊಸ ಕಾಯಿದೆಯ ಮೂಲಕ ಮರಳಿಸಿತು.